ಗೋಡೆ ಸಿಮೆಂಟಾದರೂ ಬುಟ್ಟಿಯಲ್ಲಿ ಉಳಿದ ಚಿತ್ತಾರ

ಸಾಗರ, ಸೊರಬ ಕಡೆಯ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಕಲಿಯೋಕೆ ಹಿಂದೆ ಯಾರೂ ಕ್ಲಾಸಿಗೆ ಹೋದವರಲ್ಲ. ಅಮ್ಮ, ಅಜ್ಜಿ ಬರೆಯುವಾಗ ಪಕ್ಕದಲ್ಲಿ ಕೂತು ಕಲಿತದ್ದು. ಬಣ್ಣವೂ ಅಂಗಡಿಯದಲ್ಲ. ಕೆಮ್ಮಣ್ಣು ಬಳಿದ ಗೋಡೆಗೆ ನೆನೆಸಿ ಅರೆದ ಅಕ್ಕಿಯೇ ಬಿಳಿ. ಅದೇ ಅಕ್ಕಿಯನ್ನು ಸೀದುಹೋಗುವಷ್ಟು ಹುರಿದು ಅರೆದರೆ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚ ಪುಂಡಿ ನಾರಿನದು. ಅಳತೆಪಟ್ಟಿ ಇಲ್ಲದೇ ಗೆರೆ ನೇರ ಬರಬೇಕು ಅಂದ್ರೆ ಕೈ ಪಳಗಿರಬೇಕು.

ಈಗ ಮಣ್ಣಿನ ಗೋಡೆ ಹೋಗಿ ಸಿಮೆಂಟ್ ಬಂದಿದೆ. ದುಡ್ಡು ಕೊಟ್ಟು ಪೇಂಟ್ ಹೊಡೆಸಿದ ಗೋಡೆಗೆ ಅಕ್ಕಿ ಹಿಟ್ಟು ಹಚ್ಚೋಕೆ ಯಾರಿಗೆ ಮನಸ್ಸು ಬರುತ್ತೆ? ಮದುವೆಗೆ ಹಸೆ ಬರೆಯೋದುಂಟು, ಆದರೆ ಮನೆಯಲ್ಲಿ ವರ್ಷಾ ವರ್ಷ ಮದುವೆ ಇರಲ್ಲವಲ್ಲ.

ಕೈಗೆ ಅಭ್ಯಾಸ ತಪ್ಪದ ಹಾಗೆ ನೋಡಿಕೊಂಡಿರೋದು ಭೂಮಿ ಹುಣ್ಣಿಮೆ. ಬಸುರಿಯಾದ ಭತ್ತದ ಪೈರಿಗೆ ಬಯಕೆ ಊಟ ಬಡಿಸುವ ಹಬ್ಬ ಇದು. ಊಟ ಒಯ್ಯುವ ಬಿದಿರು ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ ಚಿತ್ತಾರ ಬರೀಬೇಕು. ಬುಟ್ಟಿ ಚಿಕ್ಕದು, ಹುಣ್ಣಿಮೆಯಂತೂ ಮುಂದಕ್ಕೆ ಹೋಗಲ್ಲ. ಮೂಡ್ ಬರಲಿ ಅಂತ ಕಾಯೋ ಹಾಗಿಲ್ಲ. ರಾತ್ರಿ ಪಾತ್ರೆ ತೊಳೆದ ಮೇಲೆ ಒಂದು ಸಾಲು, ಮಾರನೇ ದಿನ ಇನ್ನೊಂದು. ಹೀಗೆ ಪ್ರತಿ ವರ್ಷ ಕೈ ಆಡುತ್ತೆ, ಹೊಸ ಗೆರೆಯೂ ಹೊಳೆಯುತ್ತೆ.

ಮನೆಯಲ್ಲಿ ಮಕ್ಕಳಿದ್ರೆ ಈ ಸಲ ಬುಟ್ಟಿಯ ಒಂದು ಬದಿ ಅವರಿಗೇ ಬಿಡಿ. ಗಂಡು ಮಕ್ಕಳಿಗೂ ಕೊಡಿ. ಗೆರೆ ಸೊಟ್ಟಗಾದರೆ ಆಗಲಿ. ಹೇಗೂ ಬುಟ್ಟಿ ಗದ್ದೆಗೆ ಹೊರಡೋದು ಬೆಳಕು ಹರಿಯೋ ಮೊದಲು.