‘ಶೇ 40 ಪಾಠ ಆನ್‌ಲೈನ್’ ಅಂದರೆ ಕಾಲೇಜಿಗೆ ರಜೆಯೇ?

‘ಯುಜಿಸಿ ನಿಯಮ: ಶೇ 40ರಷ್ಟು ಪಾಠ ಮೊಬೈಲ್‌ನಲ್ಲೇ, ಕಾಲೇಜಿಗೆ ಹೋಗದಿದ್ದರೂ ಹಾಜರಿ.’ ಈ ಅರ್ಥದ ಫಾರ್ವರ್ಡ್ ನಿಮ್ಮ ವಾಟ್ಸಾಪ್ ಗುಂಪಿಗೆ ಬಂದರೆ, ಮುಂದೆ ಕಳುಹಿಸುವ ಮೊದಲು ಸ್ವಲ್ಪ ತಡೆಯಿರಿ. ಔರಾದ್ ಕಡೆಯ ಹಳ್ಳಿಯಿಂದ ದಿನಾ ಬಸ್ಸು ಹಿಡಿದು ಬೀದರ್‌ಗೆ ಬರುವ ಹುಡುಗಿಗೂ, ಮೈಲೂರಿನಿಂದ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿರುವ ಬೀದರ್ ವಿಶ್ವವಿದ್ಯಾಲಯಕ್ಕೆ ಹೋಗುವ ಹುಡುಗನಿಗೂ ಇದು ಸಿಹಿ ಸುದ್ದಿಯಂತೆ ಕಾಣುತ್ತದೆ. ನಂಬಿ ಮನೆಯಲ್ಲೇ ಉಳಿದು, ಹಾಜರಿ ಸಾಲದೆ ಪರೀಕ್ಷೆ ತಪ್ಪಿದರೆ ನಷ್ಟ ಅವರದೇ. ಫಾರ್ವರ್ಡ್ ಮಾಡಿದವರದಲ್ಲ.

ಗೊಂದಲಕ್ಕೆ ಕಾರಣ ಎರಡು ಬೇರೆ ಬೇರೆ ‘40’.

ಮೊದಲನೆಯದು ‘ಸ್ವಯಂ’ ಪೋರ್ಟಲ್‌ಗೆ ಸೇರಿದ್ದು. ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಓದಿಸಲು 2021ರ ನಿಯಮಾವಳಿ ವಿಶ್ವವಿದ್ಯಾಲಯಗಳಿಗೆ ಅವಕಾಶ ಕೊಟ್ಟಿತು. 2016ರಲ್ಲಿ ಈ ಮಿತಿ ಶೇ 20 ಇತ್ತು. ಗಮನಿಸಿ, ಇದು ವಿಶ್ವವಿದ್ಯಾಲಯಕ್ಕೆ ಕೊಟ್ಟ ಅವಕಾಶ, ವಿದ್ಯಾರ್ಥಿಗೆ ಕೊಟ್ಟ ವಿನಾಯಿತಿ ಅಲ್ಲ.

ಎರಡನೆಯದು ಅದೇ ವರ್ಷದ ಮೇ ತಿಂಗಳಲ್ಲಿ ಯುಜಿಸಿ ಅಭಿಪ್ರಾಯ ಕೇಳಿ ಹೊರಡಿಸಿದ ಮಿಶ್ರ ಕಲಿಕೆಯ ಕರಡು. ಒಂದೊಂದು ಕೋರ್ಸ್‌ನಲ್ಲೂ ಶೇ 40ರವರೆಗೆ ಆನ್‌ಲೈನ್, ಉಳಿದದ್ದು ತರಗತಿಯಲ್ಲಿ ಎಂಬುದು ಅದರ ಸಲಹೆ. ಫಾರ್ವರ್ಡ್‌ಗಳು ಆ ಉಳಿದ ಶೇ 60ರ ಸುದ್ದಿಯನ್ನೇ ಎತ್ತುವುದಿಲ್ಲ!

ಹಾಗಾದರೆ ಮಿಶ್ರ ಕಲಿಕೆ ಅಂದರೇನು? ಪಾಠದ ವಿಡಿಯೊ ಮನೆಯಲ್ಲಿ, ಅರ್ಥವಾಗದಾಗ ನಿಲ್ಲಿಸಿ ಮತ್ತೆ ನೋಡಬಹುದು. ಲೆಕ್ಕ ಬಿಡಿಸುವುದು, ಪ್ರಯೋಗ, ಚರ್ಚೆ ತರಗತಿಯಲ್ಲಿ, ಮೇಷ್ಟ್ರ ಎದುರಿಗೆ. ಇದು ಬರೀ ಫ್ಯಾಷನ್ ಅಲ್ಲ. ಅಮೆರಿಕದ ಶಿಕ್ಷಣ ಇಲಾಖೆ 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರೀ ತರಗತಿಯಲ್ಲಿ ಕಲಿತವರಿಗಿಂತ ಎರಡನ್ನೂ ಬೆರೆಸಿ ಕಲಿತವರ ಫಲಿತಾಂಶ ಸ್ವಲ್ಪ ಮೇಲಿತ್ತು. ಅವರಿಗೆ ಹೆಚ್ಚು ಸಮಯ, ಹೆಚ್ಚು ಸಾಮಗ್ರಿ ಸಿಕ್ಕಿದ್ದೂ ಕಾರಣವಿರಬಹುದು ಎಂದು ಅದೇ ವರದಿ ಎಚ್ಚರಿಸಿದೆ.

ತರಗತಿಯನ್ನು ಪೂರ್ತಿ ತೆಗೆದುಬಿಟ್ಟರೆ? ಹಾರ್ವರ್ಡ್ ಮತ್ತು ಎಂಐಟಿಯ ಉಚಿತ ಆನ್‌ಲೈನ್ ಕೋರ್ಸ್‌ಗಳಿಗೆ 2017–18ರಲ್ಲಿ ಸೇರಿದವರಲ್ಲಿ ಪೂರ್ಣಗೊಳಿಸಿದವರು ಸುಮಾರು ಶೇ 3 ಮಾತ್ರ. ಕುತೂಹಲಕ್ಕೆ ಸೇರಿದವರೂ ಅದರಲ್ಲಿದ್ದರು ನಿಜ. ಆದರೂ ಕೇಳುವವರಿಲ್ಲದಿದ್ದರೆ ಓದು ಎಲ್ಲಿ ನಿಲ್ಲುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಇನ್ನು ಮನೆಗೆಲ್ಲ ಒಂದೇ ಫೋನ್ ಇದ್ದು, ಅದು ಹಗಲೆಲ್ಲ ಅಪ್ಪನ ಜೇಬಿನಲ್ಲಿದ್ದರೆ ಕಥೆಯೇ ಬೇರೆ.

ಸ್ವಯಂ ಕೋರ್ಸ್ ಓದಲು ಶುಲ್ಕವಿಲ್ಲ. ಪ್ರಮಾಣಪತ್ರ ಬೇಕಿದ್ದರೆ ಶುಲ್ಕ ಕಟ್ಟಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು. ಆದ್ದರಿಂದ ಹೆಸರು ನೋಂದಾಯಿಸುವ ಮುಂಚೆಯೇ ನಿಮ್ಮ ವಿಭಾಗದಲ್ಲಿ ಕೇಳಿ: ಈ ಕೋರ್ಸ್‌ಗೆ ವಿಶ್ವವಿದ್ಯಾಲಯದ ಒಪ್ಪಿಗೆ ಇದೆಯೇ, ಅದರ ಕ್ರೆಡಿಟ್ ನಮ್ಮ ಅಂಕಪಟ್ಟಿಗೆ ಸೇರುತ್ತದೆಯೇ, ಹಾಜರಿಯ ಲೆಕ್ಕ ಹೇಗೆ? ಉತ್ತರ ಲಿಖಿತ ಸುತ್ತೋಲೆಯಲ್ಲಿರಲಿ.