ಬೆಟ್ಟದ ಹೂವಿನ ಬೆನ್ನು ಹತ್ತಿದವರು

ಹೈದರಾಬಾದಿನಲ್ಲಿ ಮನೆ ಮಾಡಿಕೊಂಡಿರುವ ನಮಗೆಲ್ಲ ಬತುಕಮ್ಮ ಹಬ್ಬ ಪರಿಚಿತವೇ. ಮಹಾಲಯ ಅಮಾವಾಸ್ಯೆ ಬಂತೆಂದರೆ ನೆರೆಮನೆಯ ಹೆಣ್ಣುಮಕ್ಕಳು ತಟ್ಟೆಯ ಮೇಲೆ ಹೂವಿನ ಗೋಪುರ ಕಟ್ಟತೊಡಗುತ್ತಾರೆ. ಅದಕ್ಕೆ ಮುಖ್ಯವಾಗಿ ಬೇಕಾದದ್ದು ತೋಟದ ಮಲ್ಲಿಗೆಯಲ್ಲ, ಬಯಲಿನಲ್ಲಿ ತಾನಾಗಿ ಬೆಳೆದ ಹೂವು. ಅವರು ‘ತಂಗೇಡು’ ಎನ್ನುವ ಹಳದಿ ಹೂವು ನಮ್ಮ ತಂಗಡಿಯೇ. ಆವರಿಕೆ ಎಂದರೆ ಇನ್ನು ಕೆಲವರಿಗೆ ಬೇಗ ತಿಳಿದೀತು. ಇದು ಊರ ಹೊರಗೆ ನಾಲ್ಕು ಹೆಜ್ಜೆ ನಡೆದರೆ ಸಿಗುವ ಹೂವು. ಹಾಗೆ ಸಿಗದ ಹೂವುಗಳೂ ಉಂಟು. ಅವನ್ನು ಹುಡುಕಿಕೊಂಡು ಬೆಟ್ಟ ಹತ್ತಿದವರ ಸಂಗತಿ ನಮ್ಮ ಮಕ್ಕಳಿಗೂ ತಿಳಿದಿರಲೆಂದು ಈ ನಾಲ್ಕು ಮಾತು.

ಕನ್ನಡ ನಾಡಿನ ಗಿಡಮರಗಳಿಗೆಲ್ಲ ಸೇರಿ ಒಂದು ಗ್ರಂಥವೆಂಬುದು ಬಹುಕಾಲ ಇರಲಿಲ್ಲ. ಧಾರವಾಡ, ಕಾರವಾರಗಳ ಹೂವನ್ನು ಗುರುತಿಸಬೇಕಾದರೆ ಥಿಯೊಡೋರ್ ಕುಕ್ ಬರೆದ ಮುಂಬಯಿ ಪ್ರಾಂತದ ಸಸ್ಯಗ್ರಂಥವನ್ನು ತೆರೆಯಬೇಕು. ಮಂಗಳೂರ ಕಡೆಯದಾದರೆ ಗ್ಯಾಂಬಲ್ 1915ರಲ್ಲಿ ಆರಂಭಿಸಿದ ಮದರಾಸು ಪ್ರಾಂತದ ಗ್ರಂಥ. ನಮ್ಮಲ್ಲಿ ಅನೇಕರ ತವರಾದ ಬೀದರ, ಕಲಬುರ್ಗಿ, ರಾಯಚೂರುಗಳು ಆಗ ನಿಜಾಮರ ರಾಜ್ಯ. ಆ ರಾಜ್ಯದ ಅರಣ್ಯಸಸ್ಯಗಳನ್ನು ಕುರಿತು ಪಾರ್ಟ್ರಿಜ್ 1911ರಲ್ಲಿ ಬೇರೆಯೇ ಪುಸ್ತಕ ಬರೆದಿದ್ದರು. 1956ರಲ್ಲಿ ನಾಡೇನೋ ಒಂದಾಯಿತು. ಗಿಡಗಳು ಮಾತ್ರ ಪಾಲಾದ ಮನೆಯ ಪಾತ್ರೆಗಳಂತೆ ಅವರಿವರ ಪುಸ್ತಕಗಳಲ್ಲಿಯೇ ಉಳಿದುಬಿಟ್ಟವು.

ಅವನ್ನು ಒಂದೆಡೆ ತರಲು ಶ್ರಮಿಸಿದವರಲ್ಲಿ ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಪಾದ್ರಿ ಸೆಸಿಲ್ ಸಲ್ಡಾನ ಮುಖ್ಯರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕಲ್ಸನ್ ಅವರೊಡನೆ ಸಂಪಾದಿಸಿ, ಹಾಸನ ಜಿಲ್ಲೆಯೊಂದರದೇ ಸಸ್ಯಗ್ರಂಥವನ್ನು ಅವರು 1976ರಲ್ಲಿ ಹೊರತಂದರು. ಒಂದೇ ಜಿಲ್ಲೆಗೆ ಅಷ್ಟು ದೊಡ್ಡ ಗ್ರಂಥವೇ ಎಂದು ಕೇಳಬಹುದು. ಸಕಲೇಶಪುರದ ಆಚೆಗೆ ಬಿಸಿಲೆ ಘಟ್ಟದಲ್ಲಿ ಮಳೆ ಸುರಿಯುತ್ತಿರುವಾಗ ಅದೇ ಜಿಲ್ಲೆಯ ಅರಸೀಕೆರೆಯಲ್ಲಿ ರೈತ ಮೋಡ ನೋಡುತ್ತ ನಿಂತಿರುತ್ತಾನೆ. ಘಟ್ಟದ ಗಿಡವೂ ಬಯಲುಸೀಮೆಯ ಗಿಡವೂ ಅಲ್ಲಿ ಒಂದೇ ದಿನದ ಪ್ರಯಾಣದಲ್ಲಿ ಸಿಗುತ್ತವೆ.

ಇಂಥ ಕೆಲಸ ಒಬ್ಬರಿಂದ ಆಗುವುದಲ್ಲ. ಘಟ್ಟದ ಹೂವುಗಳಲ್ಲಿ ಎಷ್ಟೋ ಮಳೆಗಾಲದಲ್ಲಿಯೇ ಅರಳುತ್ತವೆ. ಇಂಬಳದ ಕಾಟವನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಒಬ್ಬರು ಮರದ ಕೊಂಬೆಯ ಮೇಲಣ ಸೀತಾಳೆ ದಂಡೆಯನ್ನು ನೋಡುತ್ತಿರುವಾಗ ಇನ್ನೊಬ್ಬರ ಕಣ್ಣು ಕಾಲಬುಡದ ಪಾಚಿಯಲ್ಲಿ ಸಾಸಿವೆಯಷ್ಟು ಹೂವನ್ನು ಕಾಣುತ್ತದೆ. ಕಿತ್ತ ಗಿಡವನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಹರಡಿ, ಹಲಗೆಗಳಲ್ಲಿ ಬಿಗಿದು ಒತ್ತಿಡಬೇಕು. ತೇವ ಹೀರಿದ ಕಾಗದವನ್ನು ದಿನವೂ ಬದಲಿಸದಿದ್ದರೆ ಬೂಷ್ಟು ಹಿಡಿದು ಶ್ರಮವೆಲ್ಲ ವ್ಯರ್ಥ. ಒಣಗಿದ ಮೇಲೆ ನೀಲಿಯೂ ನೇರಿಳೆಯೂ ಒಂದೇ ಕಂದು; ಆದ್ದರಿಂದ ಬಣ್ಣ, ವಾಸನೆ, ಸ್ಥಳ, ದಿನಾಂಕಗಳನ್ನು ಗಿಡದ ಪಕ್ಕದಲ್ಲಿ ನಿಂತೇ ಬರೆದುಕೊಳ್ಳಬೇಕು. ಬರೆಯದ ಹೂವು ಸಿಕ್ಕಿಯೂ ಸಿಗದಂತೆಯೇ. ಸಲ್ಡಾನ ಅವರು ಮುಂದೆ ಕರ್ನಾಟಕದ ಸಸ್ಯಗ್ರಂಥಕ್ಕೇ ಕೈಹಾಕಿದರು. ಮೊದಲ ಸಂಪುಟ 1984ರಲ್ಲಿ, ಎರಡನೆಯದು 1996ರಲ್ಲಿ ಬಂತು. ಅಷ್ಟರಲ್ಲಿ, 1981ರಲ್ಲಿ, ಯೋಗನರಸಿಂಹನ್, ಸುಬ್ರಹ್ಮಣ್ಯಂ, ರಜಿ ಈ ಮೂವರು ಚಿಕ್ಕಮಗಳೂರಿನ ಗಿಡಗಳನ್ನು ಗ್ರಂಥವಾಗಿಸಿದ್ದರು. ಕಲಬುರ್ಗಿ ಜಿಲ್ಲೆಯ ಗ್ರಂಥ 2000ದಲ್ಲಿ ಬಂತು. ತಡವಾಯಿತು, ಆದರೂ ಬಂತು.

ಹೀಗೆ ಬರೆದಿಡುವುದರಿಂದ ಏನು ಪ್ರಯೋಜನವೆನ್ನುವವರಿಗೆ ಜೋಗದ ಹುಲ್ಲಿನ ಕಥೆ ಹೇಳಬೇಕು. ಹುಲ್ಲಿನ ಹೂವೂ ಹೂವೇ ತಾನೆ! 1919ರಲ್ಲಿ ಸೆಜ್‌ವಿಕ್, ಬೆಲ್ ಎಂಬಿಬ್ಬರು ಜಲಪಾತದ ಬಳಿ ಒಂದು ಕೋಮಲವಾದ ಹುಲ್ಲನ್ನು ಸಂಗ್ರಹಿಸಿದ್ದರು. ಅದು ಬೇರೆಲ್ಲಿಯೂ ಕಾಣದ ಕುಲವೆಂದು ತಿಳಿದು ಬೋರ್ ಎಂಬ ವಿದ್ವಾಂಸರು 1951ರಲ್ಲಿ ಅದಕ್ಕೆ ಹಬ್ಬಾರ್ಡಿಯಾ ಎಂದು ಹೆಸರಿಟ್ಟರು. ಆಮೇಲೆ ಜೋಗದಲ್ಲಿ ಹುಡುಕಿದವರಿಗೆ ಅದು ಸಿಗಲೇ ಇಲ್ಲ, ಅಳಿದುಹೋಯಿತೆಂದೇ ಎಣಿಸಿದರು. 2002ರಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಯಾದವ್ ಮತ್ತು ಸಂಗಡಿಗರಿಗೆ ಮಹಾರಾಷ್ಟ್ರದ ತಿಲಾರಿ ಘಟ್ಟದಲ್ಲಿ ಅದೇ ಹುಲ್ಲು ಕಂಡಿತು. 83 ವರ್ಷ! ಒಣಗಿದ ಹಳೆಯ ಮಾದರಿಯೂ ಬರೆಹವೂ ಇಲ್ಲದಿದ್ದರೆ ಕಾಲಡಿಯ ಆ ಹುಲ್ಲಿನ ಗುರುತು ಯಾರಿಗೆ ಹತ್ತುತ್ತಿತ್ತು?

ಗುರಿಗೆಯ ಸಂಗತಿ ಇದಕ್ಕೆ ವ್ಯತಿರಿಕ್ತ. ಅದನ್ನು ಹುಡುಕಬೇಕಾಗಿಲ್ಲ, ಕಾಯಬೇಕು. ಗುರಿಗೆಯ ಜಾತಿಗೆ ಸೇರಿದ ನೀಲಕುರಿಂಜಿ 12 ವರ್ಷಕ್ಕೊಮ್ಮೆ ಗುಡ್ಡಕ್ಕೆ ಗುಡ್ಡವೇ ನೀಲಿಯಾಗುವಂತೆ ಅರಳಿ, ಬೀಜ ಉದುರಿಸಿ, ಒಟ್ಟಿಗೇ ಒಣಗಿಹೋಗುತ್ತದೆ. ಮುಂದಿನ ಪೀಳಿಗೆಗೆ ಆ ಬೀಜವೊಂದೇ ಆಧಾರ. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಲ್ಲಿ ಅರಳಿದಾಗ ಜನ ಮುಗಿಬಿದ್ದರು. ನೋಡಲು ಹೋದದ್ದು ತಪ್ಪಲ್ಲ. ಆದರೆ ಮುಡಿಗೊಂದು, ಕಾರಿಗೊಂದು ಎಂದು ಗೊಂಚಲು ಮುರಿದು ತಂದವರು ಮುಂದಿನ 12 ವರ್ಷದ ಬೆಳೆಯನ್ನೇ ಮುರಿದಂತೆ. ವನ್ಯಜೀವಿ ಕಾನೂನಿಗೆ 2022ರಲ್ಲಿ ಆದ ತಿದ್ದುಪಡಿ ಈ ಹೂವನ್ನೂ ರಕ್ಷಣೆಯ ಪಟ್ಟಿಗೆ ಸೇರಿಸಿದೆ. ಹೂವಿಗೂ ಕಾನೂನು ಬೇಕಾಯಿತಲ್ಲ ಎಂದು ಒಮ್ಮೆ ವ್ಯಥೆಯಾಗುತ್ತದೆ.

ಮಲೆನಾಡು ದೂರವಾಯಿತೆಂದು ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಯುಗಾದಿಗೆ ಕನ್ನಡ ಜನ ಸಾವಿರಗಟ್ಟಲೆ ಪಾದಯಾತ್ರೆಯಲ್ಲಿ ಹೋಗುವ ಶ್ರೀಶೈಲ ಇರುವುದು ನಲ್ಲಮಲೆ ಕಾಡಿನಲ್ಲಿ. ನಮ್ಮ ನೆಲಬೇವಿನ ದಾಯಾದಿಯೊಂದು ಆ ಬೆಟ್ಟದ ಹೆಸರನ್ನೇ ಹೊತ್ತು ಅಲ್ಲಿ ಬೆಳೆಯುತ್ತದೆ; ಅದಕ್ಕೆ ಹೆಸರಿಟ್ಟ ಎಲ್ಲಿಸ್ ಎಂಬ ಸಸ್ಯಶಾಸ್ತ್ರಜ್ಞರೇ ನಲ್ಲಮಲೆಯ ಸಸ್ಯಗ್ರಂಥವನ್ನೂ ಬರೆದವರು. ಅದು ಹುಲಿಗಳ ರಕ್ಷಿತಾರಣ್ಯವಾದ್ದರಿಂದ ಒಂದೆಲೆಯನ್ನೂ ಕೀಳುವಂತಿಲ್ಲ. ಈ ಸಲ ಹೋಗುವವರು ದಾರಿಯ ಮಗ್ಗುಲಲ್ಲಿ ಹೊಸ ಹೂವು ಕಂಡರೆ ಹೂವಿನದಷ್ಟೇ ಅಲ್ಲ, ಎಲೆಯ ಮೇಲುಮೈ, ಕೆಳಮೈ, ಕಾಂಡಗಳದೂ ಚಿತ್ರ ತೆಗೆದುಕೊಳ್ಳಿ. ಸ್ಥಳ, ದಿನಾಂಕ ಬರೆದುಕೊಳ್ಳಿ. ಆ ಕಾಡಿನಲ್ಲಿಯೇ ಹುಟ್ಟಿ ಬೆಳೆದ ಚೆಂಚು ಜನ ಹತ್ತಿರದಲ್ಲಿದ್ದರೆ, ಅದನ್ನು ಏನೆಂದು ಕರೆಯುತ್ತಾರೆಂದು ಮರೆಯದೆ ಕೇಳಿ.