ಎರಡೂವರೆ ಗಂಟೆಯ ವಾಲಿಮೋಕ್ಷ

ಮಳೆಗಾಲ ಬಂತೆಂದರೆ ಕರಾವಳಿಯ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿಡುತ್ತವೆ. ಕಲಾವಿದರಿಗೆ ಬಿಡುವು ಸಿಗುವ ಈ ತಿಂಗಳುಗಳಲ್ಲೇ ಮುಂಬೈ, ಠಾಣೆ, ಡೊಂಬಿವಲಿಯ ಕನ್ನಡಿಗರು, ತುಳುವರು ಊರಿನಿಂದ ಅರ್ಥಧಾರಿಗಳನ್ನು ಕರೆಸಿ ತಾಳಮದ್ದಳೆ ಕೂಟ ನಡೆಸುತ್ತಾರೆ. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಚೆಂಡೆ-ಮದ್ದಳೆ ನುಡಿಯುತ್ತವೆ, ಎದುರುಬದುರು ಕುಳಿತವರು ವಾಲಿಯಾಗಿ, ರಾಮನಾಗಿ ಮಾತಿಗಿಳಿಯುತ್ತಾರೆ. ಪದ್ಯ ಮೊದಲೇ ಬರೆದದ್ದು. ಮಾತು ಆ ಕ್ಷಣದ್ದು.

ಐರೋಲಿಯ ನಮ್ಮ ಆಫೀಸಿನ ಕೆಲವು ಗೆಳೆಯರು ಶನಿವಾರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಹೊರಬಂದ ಆಟವದು. ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ, ಒಬ್ಬ ಕಥೆ ನಡೆಸುತ್ತಾನೆ, ಗೆಲುವು-ಸೋಲನ್ನು ದಾಳ ಹೇಳುತ್ತದೆ. ಅವರಿಗೆ ತಾಳಮದ್ದಳೆ ವಿವರಿಸಲು ನನಗೆ ಎರಡೇ ನಿಮಿಷ ಸಾಕಾಯಿತು. ಕಥೆ ನಡೆಸುವವರು ಭಾಗವತರು. ದಾಳದ ಜಾಗದಲ್ಲಿ ತರ್ಕ. ಒಂದೇ ವ್ಯತ್ಯಾಸ, ನಮ್ಮಲ್ಲಿ ಕೊನೆ ಎಲ್ಲರಿಗೂ ಗೊತ್ತು. ವಾಲಿ ಸಾಯಲೇಬೇಕು. ಸಾಯುವ ಮೊದಲು ಅವನು ಏನು ಕೇಳುತ್ತಾನೆ, ರಾಮ ಏನು ಉತ್ತರಿಸುತ್ತಾನೆ ಎಂಬುದೇ ಕುತೂಹಲ.

ಇನ್ನೊಂದು ಹೋಲಿಕೆಯೂ ಸಿಕ್ಕಿತು. ಎರಡೂ ಕಡೆ ಬದಲಾವಣೆಯ ಬಗ್ಗೆ ಮುಗಿಯದ ಚರ್ಚೆ. 2008ರಲ್ಲಿ ಅವರ ಆಟದ ನಾಲ್ಕನೇ ಆವೃತ್ತಿ ಬಂದಾಗ ‘ಇದು ವಿಡಿಯೋ ಗೇಮ್ ಆಯಿತು’ ಎಂದು ಹಳಬರು ಸಿಟ್ಟಾದರು. ಅವರಲ್ಲಿ ಹಲವರು ಮರುವರ್ಷ ಬಂದ ‘ಪಾತ್‌ಫೈಂಡರ್’ ಎಂಬ ಆಟಕ್ಕೆ ಹೊರಟುಹೋದರು. 2024ರ ನಿಯಮ ಪುಸ್ತಕ ‘ರೇಸ್’ ಎಂಬ ಪದ ತೆಗೆದು ‘ಸ್ಪೀಷೀಸ್’ ಎಂದಾಗಲೂ ವಾದ ನಡೆಯಿತು.

ನಮ್ಮ ಚರ್ಚೆಯ ಹೆಸರು ಕಾಲಮಿತಿ. ರಾತ್ರಿ ಹತ್ತರ ನಂತರದ ಧ್ವನಿವರ್ಧಕ ನಿಯಮದಿಂದಾಗಿ 2022ರಲ್ಲಿ ಕಟೀಲು ಮೇಳಗಳು ಕಾಲಮಿತಿಗೆ ಬಂದಾಗ, ಇಡೀ ರಾತ್ರಿಯ ಆಟವೇ ಬೇಕೆಂದು ಭಕ್ತರು ಪಾದಯಾತ್ರೆಯನ್ನೇ ನಡೆಸಿದರು. ಮುಂಬೈಯಲ್ಲಿ ಕಾನೂನಿಗಿಂತ ಮೊದಲು ರೈಲ್ವೆ ಟೈಮ್‌ಟೇಬಲ್ ನಿಯಮ ಹಾಕುತ್ತದೆ. ನಮ್ಮ ಕಳವಾದಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ. ಮರುದಿನ ಆಫೀಸಿದ್ದವರು ಕೊನೆಯ ಸ್ಲೋ ಲೋಕಲ್ ತಪ್ಪಿಸಿಕೊಳ್ಳುವಂತಿಲ್ಲ. ಹೀಗಾಗಿ ವಾಲಿಮೋಕ್ಷ ಎರಡೂವರೆ ಗಂಟೆಗೆ ಇಳಿದಿದೆ.

ಡೊಂಬಿವಲಿಯ ಒಂದು ಕೂಟ ಮುಗಿದ ಮೇಲೆ ಇದೇ ವಿಷಯಕ್ಕೆ ಇಬ್ಬರ ನಡುವೆ ಮಾತು ಬೆಳೆಯಿತು. ಹಿರಿಯರೊಬ್ಬರು ಹೋಟೆಲು ನಡೆಸಿ ನಿವೃತ್ತರಾದವರು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕಂಡು ಕೇಳಿದವರು. “ಇವತ್ತು ತಾರೆಯನ್ನೇ ಬಿಟ್ಟಿರಿ. ಒಮ್ಮೆ ಸೋತವನು ಮತ್ತೆ ಬಂದು ಕೂಗುತ್ತಿದ್ದಾನೆಂದರೆ ಬೆನ್ನಿಗೆ ಯಾರೋ ಇದ್ದಾರೆ ಎಂದು ಎಚ್ಚರಿಸುವವಳು ಅವಳು. ಅವಳ ಮಾತು ಕೇಳಿಯೂ ಹೋಗುವುದರಲ್ಲಿ ವಾಲಿಯ ದೊಡ್ಡತನವೂ ಇದೆ, ದುರಂತವೂ ಇದೆ. ಅದಿಲ್ಲದಿದ್ದರೆ ಅವನು ಬರೀ ಹುಂಬ” ಎಂದರು.

ಕಲ್ಯಾಣದ ಬ್ಯಾಂಕ್ ಉದ್ಯೋಗಿಯೊಬ್ಬರು ಒಪ್ಪಲಿಲ್ಲ. “ಇಡೀ ರಾತ್ರಿ ಇಟ್ಟರೆ ಕುರ್ಚಿ ತುಂಬ ನಿಮ್ಮ ವಯಸ್ಸಿನವರೇ. ಮರಾಠಿ ಶಾಲೆಯ ನನ್ನ ಮಗಳು ಇವತ್ತು ಕೊನೆಯವರೆಗೂ ಕೂತಿದ್ದಳು. ಮರೆಯಿಂದ ಬಾಣ ಬಿಟ್ಟದ್ದು ಸರಿಯಾ ಅಂತ ಕೇಳುತ್ತಿದ್ದಾಳೆ.”

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಸುಗ್ರೀವ ಸಖ್ಯ ಬಿಡಿ, ತಾರೆಯಿಂದಲೇ ಶುರು ಮಾಡಿ” ಎಂದರು. ಇಡೀ ಪ್ರಸಂಗವನ್ನು ಓಡಿಸುವ ಬದಲು ಒಂದು ಭಾಗವನ್ನು ಆರಿಸಿ ನಿಧಾನವಾಗಿ ಮಾಡುವುದು! ಕಾಲಮಿತಿಯೆಂದರೆ ವೇಗ ಎಂದುಕೊಂಡವರಿಗೆ ಇದು ಬೇರೆಯೇ ದಾರಿ. ಆದರೂ ಬ್ಯಾಂಕಿನವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ; ಕಥೆ ಗೊತ್ತಿಲ್ಲದ ಮಕ್ಕಳಿಗೆ ಸುಗ್ರೀವ ಬೇಕಲ್ಲ ಎಂದರು. ಅದೂ ನಿಜವೇ.

ಈ ಜಗಳ ಇಷ್ಟು ಮರ್ಯಾದೆಯಿಂದ ನಡೆಯುವುದಕ್ಕೆ ಕಲೆಯ ಸ್ವಭಾವವೇ ಕಾರಣವಿರಬೇಕು. ಇಂದು ವಾಲಿಯ ಅರ್ಥ ಹೇಳಿದವರಿಗೆ ಮುಂದಿನ ವಾರ ರಾಮನ ಅರ್ಥ ಬರಬಹುದು. ಆದ್ದರಿಂದ ಎದುರು ಪಕ್ಷದ ವಾದವನ್ನೂ ಕಲಿತೇ ಬರಬೇಕು. ವಾಲಿ ಎಷ್ಟೇ ಬಲವಾಗಿ ಕೇಳಲಿ, ರಾಮನಿಗೆ ಉತ್ತರಿಸಲು ಜಾಗ ಬಿಡಲೇಬೇಕು. ಬಾಯಿ ಕಟ್ಟಿಹಾಕಿದರೆ ಕೂಟವೇ ಕೆಡುತ್ತದೆ.

ಸಂಘಗಳ ಸಭೆಗಳಲ್ಲೂ ಈ ಶಿಸ್ತು ಉಳಿದರೆ ಒಳ್ಳೆಯದು. ಹಳಬರು ಬೇಸತ್ತು ಬರುವುದನ್ನು ಬಿಟ್ಟರೆ ತಾರೆಯ ಮಾತು ನೆನಪಿರುವವರೇ ಇರುವುದಿಲ್ಲ. ಹೊಸಬರು ಬಿಟ್ಟರೆ ಕೇಳುವವರಿರುವುದಿಲ್ಲ. ಈ ಮಳೆಗಾಲದಲ್ಲಿ ನಿಮ್ಮ ಹತ್ತಿರ ಕೂಟವಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಮುಗಿದ ಮೇಲೆ ಐದು ನಿಮಿಷ ನಿಂತು ನಿಮ್ಮ ಅಭಿಪ್ರಾಯವನ್ನೂ ಹೇಳಿ ಬನ್ನಿ.